ನೋಡಿ ಬಂದ ಸಿನಿಮಾ, ಮನೆಗೆ ತಂದ ಪ್ರಶ್ನೆ

ಈಚೆಗೆ ನೋಡಿದ ಒಂದು ಸಿನಿಮಾದ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಬರೆಯಿರಿ, ಜೊತೆಗೆ ಆ ಸಿನಿಮಾ ನಿಮ್ಮ ಮನಸ್ಸಿನಲ್ಲಿ ಉಳಿಸಿಹೋದ ಪ್ರಶ್ನೆಯೊಂದನ್ನೂ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ವಿನಂತಿಸಿಕೊಂಡಿದ್ದೆ. ಕುಂದಾಪುರದಿಂದ ಪುತ್ತೂರಿನವರೆಗೆ ಎಲ್ಲ ಕಡೆಯಿಂದಲೂ ಪತ್ರಗಳು ಬಂದಿವೆ. ಬರೆದವರಲ್ಲಿ ಹೆಚ್ಚಿನವರು ಆರಿಸಿಕೊಂಡಿರುವುದು ನಮ್ಮ ಕರಾವಳಿಯಲ್ಲೇ ನಡೆಯುವ ಕಥೆಗಳನ್ನು. ‘ಚೆಂದ ಉಂಟು’, ‘ಅಷ್ಟೇನಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ ಪತ್ರಗಳನ್ನು ಬದಿಗಿಟ್ಟು, ಯಾವ ದೃಶ್ಯ, ಯಾವ ಮಾತು, ಯಾವ ಸದ್ದು ಮನಸ್ಸಿಗೆ ತಾಗಿತು ಎಂಬುದನ್ನು ಬಿಡಿಸಿ ಬರೆದವರ ಪತ್ರಗಳನ್ನು ಇಲ್ಲಿಗೆ ಆರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರ ಊರನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ‘ಸು ಫ್ರಮ್ ಸೋ’ ಚಿತ್ರವನ್ನು ಮೊದಲು ಬೆಂಗಳೂರಿನಲ್ಲಿ ಸಹೋದ್ಯೋಗಿಗಳ ಜೊತೆಗೆ, ಆಮೇಲೆ ರಜೆಯಲ್ಲಿ ಊರಿಗೆ ಬಂದಾಗ ಮಂಗಳೂರಿನಲ್ಲಿ ಅಮ್ಮನ ಜೊತೆಗೆ ನೋಡಿದೆ. ಎರಡೂ ಕಡೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಆದರೆ ನಕ್ಕ ಜಾಗಗಳು ಬೇರೆ ಬೇರೆಯಾಗಿದ್ದವು. ಬೆಂಗಳೂರಿನಲ್ಲಿ ಕೆಲವರು ನಮ್ಮ ಮಾತಿನ ರೀತಿಗೇ ನಗುತ್ತಿದ್ದಾರೆ ಎನಿಸಿ ನನಗೆ ಬೇಸರವಾಯಿತು. ಈ ಬೇಸರ ಸರಿಯೇ? (ಪುತ್ತೂರು)

ಉತ್ತರ: ನಿಮ್ಮ ಬೇಸರಕ್ಕೆ ಕಾರಣವಿದೆ, ಆದರೆ ಅದು ಈ ಸಿನಿಮಾ ಕೊಟ್ಟ ಕಾರಣವಲ್ಲ. ನಾನು ಚಿಕ್ಕಂದಿನಿಂದ ನೋಡುತ್ತ ಬಂದ ಎಷ್ಟೋ ಕನ್ನಡ ಸಿನಿಮಾಗಳಲ್ಲಿ ಮಂಗಳೂರು ಕನ್ನಡಕ್ಕೆ ಒಂದೇ ಕೆಲಸವಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಹೋಟೆಲು ಮಾಲೀಕನೋ ಅಡುಗೆಯ ಭಟ್ಟನೋ ಬಂದು, ‘ಎಂತ ಮಾರಾಯ್ರೆ’ ಎಂದು ನಾಲ್ಕು ಮಾತಾಡಿ ನಗಿಸಿ ಹೋಗುತ್ತಿದ್ದ. ನಾಯಕ ಪ್ರೀತಿಸುವುದು, ಅಳುವುದು, ಸಿಟ್ಟಾಗುವುದು ಎಲ್ಲವೂ ಇನ್ನೊಂದು ಕನ್ನಡದಲ್ಲಿ ನಡೆಯುತ್ತಿತ್ತು. ವರ್ಷಗಟ್ಟಲೆ ಹೀಗೆ ನೋಡಿದ ಪ್ರೇಕ್ಷಕನ ಕಿವಿಗೆ ನಮ್ಮ ಮಾತು ಬಿದ್ದೊಡನೆ ನಗಲು ಸಿದ್ಧನಾಗುವ ಅಭ್ಯಾಸ ಬಂದಿದ್ದರೆ ಅದರಲ್ಲಿ ಆ ಪ್ರೇಕ್ಷಕನ ತಪ್ಪು ಕಡಿಮೆ.

ನಮ್ಮ ಕನ್ನಡ ಹೊರಗಿನವರಿಗೆ ಪುಸ್ತಕದ ಭಾಷೆಯಂತೆ ಕೇಳುವುದಕ್ಕೂ ಒಂದು ಹಿನ್ನೆಲೆಯಿದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡುವ ಬಹುಮಂದಿ ಇಲ್ಲಿ ಕನ್ನಡವನ್ನು ಕಲಿತದ್ದು ಶಾಲೆಯ ಪಾಠದಿಂದ, ಯಕ್ಷಗಾನದಿಂದ ಮತ್ತು ತಾಳಮದ್ದಳೆಯ ಅರ್ಥಗಾರಿಕೆಯಿಂದ. ಆದ್ದರಿಂದಲೇ ನಾವು ಆಡುವ ‘ಬರ್ತದೆ’, ‘ಹೋಗ್ತದೆ’ ಎಂಬ ರೂಪಗಳು ಬರವಣಿಗೆಯ ಕನ್ನಡಕ್ಕೆ ಅಷ್ಟು ಹತ್ತಿರ ನಿಂತಿವೆ. ಕುಂದಾಪುರದ ಕಡೆ ಕನ್ನಡವೇ ಮನೆಮಾತಾಗಿರುವುದರಿಂದ ಅಲ್ಲಿಯ ‘ಹೋಯ್ತ್’, ‘ಬತ್ತ್’ಗಳ ಲಯವೇ ಬೇರೆ. ಇಡೀ ಕರಾವಳಿಗೆ ಒಂದೇ ಕನ್ನಡ ಎಂದು ಭಾವಿಸಿದ ಸಿನಿಮಾಗಳು ಮೊದಲು ಎಡವುತ್ತಿದ್ದುದು ಇಲ್ಲಿಯೇ.

ಈ ರೂಢಿಯನ್ನು ಮುರಿದ ಚಿತ್ರಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು 2017ರ ‘ಒಂದು ಮೊಟ್ಟೆಯ ಕಥೆ’. ರಾಜ್ ಬಿ. ಶೆಟ್ಟಿಯವರು ತಲೆ ಬೋಳಾಗುತ್ತಿರುವ ಕನ್ನಡ ಉಪನ್ಯಾಸಕ ಜನಾರ್ದನನನ್ನು ನಾಯಕನನ್ನಾಗಿಸಿ, ಅವನ ಸಂಕೋಚ, ಅವಮಾನ, ಆಸೆಗಳನ್ನೆಲ್ಲ ಇದೇ ಕನ್ನಡದಲ್ಲಿ ಆಡಿಸಿದರು. ಜೆ.ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’ 2025ರ ಜುಲೈ 25ರಂದು ತೆರೆಗೆ ಬಂದು, ನೋಡಿದವರ ಬಾಯಿಮಾತಿನಿಂದಲೇ ದಿನದಿಂದ ದಿನಕ್ಕೆ ಪ್ರದರ್ಶನಗಳನ್ನು ಹೆಚ್ಚಿಸಿಕೊಂಡಿತು. ಆ ಚಿತ್ರದ ಊರಿನಲ್ಲಿ ಎಲ್ಲರೂ ನಮ್ಮ ಹಾಗೆಯೇ ಮಾತಾಡುತ್ತಾರೆ. ಆದ್ದರಿಂದ ಮಾತಿನ ರೀತಿಯೇ ತಮಾಷೆಯಾಗಲು ಅಲ್ಲಿ ಅವಕಾಶವಿಲ್ಲ. ಅಶೋಕನೆಂಬ ಯುವಕ ತನ್ನ ಮೈಮೇಲೆ ಸುಲೋಚನಾ ಎಂಬ ಹೆಂಗಸಿನ ಪ್ರೇತ ಬಂದಿದೆಯೆಂದು ನಟಿಸುವುದು, ಊರಿಗೆ ಊರೇ ಅದನ್ನು ನಂಬಿ ಊರಿನ ಮುಂದಾಳು ರವಿಯಣ್ಣನ ಮನೆಬಾಗಿಲಿಗೆ ಓಡುವುದು, ಇವು ಯಾವ ಊರಿನವರನ್ನೂ ನಗಿಸುವ ಪ್ರಸಂಗಗಳು. ನಾನು ಮಂಗಳೂರಿನಲ್ಲಿ ನೋಡಿದ ದಿನ ಪಕ್ಕದ ಸೀಟಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಪಾತ್ರ ಮಾತು ಮುಗಿಸುವ ಮೊದಲೇ, ಉಸಿರೆಳೆದುಕೊಳ್ಳುವಾಗಲೇ ನಗುತ್ತಿದ್ದರು. ಮುಂದೆ ಬರುವ ಮಾತು ಏನೆಂದು ಅವರಿಗೆ ಆ ಉಸಿರಿನಿಂದಲೇ ತಿಳಿಯುತ್ತಿತ್ತು. ನಿಮ್ಮ ತಾಯಿ ನಕ್ಕದ್ದೂ ಬಹುಶಃ ಅಂಥ ಜಾಗಗಳಲ್ಲಿಯೇ ಇರಬೇಕು. ಸುಲೋಚನಾಳ ಮಗಳು ಭಾನು ಬಂದ ಮೇಲೆ ಸಭಾಂಗಣ ಒಮ್ಮೆಲೇ ಸುಮ್ಮನಾಯಿತು. ಬೆಂಗಳೂರಿನಲ್ಲೂ ಹಾಗೆ ಆಗಿದ್ದರೆ ನಿಮ್ಮ ಸಹೋದ್ಯೋಗಿಗಳು ಭಾಷೆಯನ್ನು ದಾಟಿ ಕಥೆಯೊಳಗೆ ಬಂದಿದ್ದಾರೆಂದು ನೀವು ನೆಮ್ಮದಿಪಡಬಹುದು.

ಪ್ರಶ್ನೆ: ನಾನು ಅಜ್ಜಿಯ ಜೊತೆ ತಪ್ಪದೆ ತುಳು ಸಿನಿಮಾಗಳನ್ನು ನೋಡುತ್ತೇನೆ. ಕಾಲೇಜಿನ ಗೆಳತಿಯರು ‘ಅದು ಸಿನಿಮಾ ಅಲ್ಲ, ನಾಟಕಕ್ಕೆ ಕ್ಯಾಮೆರಾ ಇಟ್ಟದ್ದು’ ಎನ್ನುತ್ತಾರೆ. ತುಳು ಸಿನಿಮಾ ನಾಟಕದಂತಿರುವುದು ದೋಷವೇ? (ಮೂಡುಬಿದಿರೆ)

ಉತ್ತರ: ನಾಟಕದಿಂದ ಬಂದಿರುವುದು ದೋಷವಲ್ಲ, ನಾಟಕದ ಅಭ್ಯಾಸಗಳನ್ನು ಬಿಡದೆ ಹಾಗೆಯೇ ಹೊತ್ತುತರುವುದು ದೋಷ. 1971ರಲ್ಲಿ ‘ಎನ್ನ ತಂಗಡಿ’ಯೊಂದಿಗೆ ಆರಂಭವಾದ ತುಳು ಸಿನಿಮಾ ಎಷ್ಟೋ ದಶಕಗಳ ಕಾಲ ವರ್ಷಕ್ಕೊಂದು ಚಿತ್ರವಾದರೂ ಬಂದೀತೇ ಎಂಬ ಸ್ಥಿತಿಯಲ್ಲಿತ್ತು. ಅದಕ್ಕೆ ಮತ್ತೆ ಜನರನ್ನು ಕರೆತಂದದ್ದು 2011ರ ‘ಒರಿಯರ್ದೊರಿ ಅಸಲ್’. ಅದರ ಮೂಲ ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ರಂಗನಾಟಕ. ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್ ಅವರಂಥ ಕಲಾವಿದರನ್ನು ಜನ ಅದಕ್ಕೂ ಮೊದಲೇ ರಂಗದ ಮೇಲೆ ಕಂಡು ಪ್ರೀತಿಸಿದ್ದರು, ಆ ಪ್ರೀತಿಯೇ ಟಿಕೆಟ್ ಕೌಂಟರಿನವರೆಗೆ ಬಂತು. ತುಳು ಮಾತಾಡುವವರು ಎರಡು ಜಿಲ್ಲೆಗಳಲ್ಲಿ, ಕಾಸರಗೋಡಿನಲ್ಲಿ, ಮುಂಬೈಯಲ್ಲಿ ಮತ್ತು ಕೊಲ್ಲಿ ದೇಶಗಳಲ್ಲಿ ಹಂಚಿಹೋಗಿರುವಾಗ, ಹಾಕಿದ ಹಣ ಹಿಂದಿರುಗಬೇಕಾದ ನಿರ್ಮಾಪಕ ಜನರಿಗೆ ಪರಿಚಿತವಾದ ಹಾಸ್ಯವನ್ನೇ ನೆಚ್ಚಿಕೊಳ್ಳುವುದು ಸಹಜ.

ಆದರೆ ನಿಮ್ಮ ಗೆಳತಿಯರ ಆಕ್ಷೇಪದಲ್ಲಿಯೂ ಹುರುಳಿದೆ. ಬಯಲಿನಲ್ಲಿ ಹಾಕಿದ ರಂಗದ ಮೇಲೆ ನಟ ತನ್ನ ಧ್ವನಿಯನ್ನು ಕೊನೆಯ ಸಾಲಿನ ಕುರ್ಚಿಯವರೆಗೆ ಮುಟ್ಟಿಸಬೇಕಾಗುತ್ತದೆ, ಒಂದು ಹಾಸ್ಯದ ಮಾತಾಡಿದ ಮೇಲೆ ಜನ ನಕ್ಕು ಮುಗಿಸುವವರೆಗೆ ಕಾದು ನಿಲ್ಲಬೇಕಾಗುತ್ತದೆ. ಅದೇ ನಟ ಕ್ಯಾಮೆರಾದ ಮುಂದೆ ಅದೇ ಧ್ವನಿಯಲ್ಲಿ ಮಾತಾಡಿ ಅದೇ ರೀತಿ ಕಾದರೆ, ತೆರೆಯ ಮೇಲೆ ಆ ಕಾಯುವಿಕೆ ಖಾಲಿ ಜಾಗದಂತೆ ಕಾಣುತ್ತದೆ. ಮುಂದಿನ ಸಲ ಸಿನಿಮಾ ನೋಡುವಾಗ ಮಾತಾಡುತ್ತಿರುವವನನ್ನು ಬಿಟ್ಟು, ಆ ಮಾತನ್ನು ಕೇಳಿಸಿಕೊಳ್ಳುತ್ತಿರುವವನ ಮುಖವನ್ನು ನೋಡಿ. ಅವನು ಕೇಳುತ್ತಿದ್ದರೆ ಅದು ಸಿನಿಮಾ. ತನ್ನ ಸರದಿಗಾಗಿ ಕಾಯುತ್ತಿದ್ದರೆ ನಿಮ್ಮ ಗೆಳತಿಯರು ಹೇಳಿದ್ದು ನಿಜ. ಅಭಯ ಸಿಂಹ ಅವರು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ನಮ್ಮ ಕಡಲ ಮೀನುಗಾರರ ಬದುಕಿಗೆ ತಂದು ಮಾಡಿದ ‘ಪಡ್ಡಾಯಿ’ಯನ್ನು ಅಜ್ಜಿಗೆ ತೋರಿಸಿ. ಅದಕ್ಕೆ ಅತ್ಯುತ್ತಮ ತುಳು ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿದೆ. ಮೂಲ ನಾಟಕವೇ ಆಗಿದ್ದರೂ ಅಲ್ಲಿ ಪಾತ್ರಗಳು ಮಾತಾಡದೆ ಕೂತಿರುವ ಹೊತ್ತು ಎಷ್ಟೆಂಬುದನ್ನು ನೀವೇ ಗಮನಿಸಬಹುದು.

ಪ್ರಶ್ನೆ: ಮಲ್ಪೆ ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ‘ಉಳಿದವರು ಕಂಡಂತೆ’ ಚಿತ್ರವನ್ನು ಈಚೆಗೆ ಮೊಬೈಲಿನಲ್ಲಿ ಮೂರು ರಾತ್ರಿ ತುಂಡು ತುಂಡಾಗಿ ನೋಡಿದೆ. ಎಲ್ಲರೂ ಹೊಗಳುತ್ತಾರೆ, ಆದರೆ ನನಗೆ ಪೂರ್ತಿ ಅರ್ಥವಾಗಲಿಲ್ಲ, ಕೊನೆಗೆ ನಿಜವಾಗಿ ಏನಾಯಿತು? ಬಿಡುಗಡೆಯಾದಾಗ ಟಾಕೀಸಿನಲ್ಲಿ ಜನವೇ ಇರಲಿಲ್ಲ ಎಂದು ಅಪ್ಪ ಹೇಳುತ್ತಾರೆ. ಹಾಗಾದರೆ ಈಗ ಹೊಗಳುವುದೇಕೆ? (ಮಲ್ಪೆ)

ಉತ್ತರ: ನಿಮ್ಮ ತಂದೆಯವರ ಮಾತಿಗೆ ನಾನೂ ಸಾಕ್ಷಿ. 2014ರ ಮಾರ್ಚ್ ಕೊನೆಯಲ್ಲಿ ಆ ಚಿತ್ರ ಬಿಡುಗಡೆಯಾದ ವಾರ ಉಡುಪಿಯಲ್ಲಿ ಸಂಜೆಯ ಆಟಕ್ಕೆ ಹೋಗಿದ್ದೆ. ಮೂವತ್ತು ಜನರಿದ್ದರೆ ಹೆಚ್ಚು. ನನ್ನ ಮುಂದಿನ ಸಾಲಿನಲ್ಲಿದ್ದ ಇಬ್ಬರು ಇಂಟರ್ವಲ್‌ಗೆ ಎದ್ದವರು ಮತ್ತೆ ಬರಲಿಲ್ಲ. ಒಂದೇ ಸಾವಿನ ಸುತ್ತಲಿನ ಸಂಗತಿಗಳನ್ನು ಪತ್ರಕರ್ತೆಯೊಬ್ಬಳು ಬೇರೆ ಬೇರೆಯವರಿಂದ ಕೇಳಿ ಕಟ್ಟುವ ಕಥೆ ಅದು. ಅಧ್ಯಾಯ ಅಧ್ಯಾಯವಾಗಿ ಸಾಗುತ್ತ, ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕಂಡದ್ದು ಪಕ್ಕಕ್ಕೆ ಸರಿಸುತ್ತದೆ. ಕಥೆಯೆಂದರೆ ಮೊದಲಿನಿಂದ ಕೊನೆಯವರೆಗೆ ಒಂದೇ ದಾರಿಯಲ್ಲಿ ನಡೆಯಬೇಕೆಂದು ಬಂದವರಿಗೆ ಅದು ಕೈಗೆ ಸಿಗಲಿಲ್ಲ. ಆಮೇಲೆ ಅಂಥ ಕಥನಗಳು ಟಿ.ವಿ. ಮತ್ತು ಓಟಿಟಿಯಲ್ಲಿ ರೂಢಿಯಾದವು, ನೋಡುವವರ ತಾಳ್ಮೆಯೂ ಬೆಳೆಯಿತು. ಇಂದಿನ ಹೊಗಳಿಕೆಗೆ ಅದೊಂದು ಕಾರಣ.

ನಿಮಗೆ ಅರ್ಥವಾಗದಿರಲು ಮೂರು ರಾತ್ರಿಗಳಿಗೆ ಹಂಚಿದ್ದೇ ದೊಡ್ಡ ಕಾರಣವೆಂದು ನನಗೆ ಅನಿಸುತ್ತದೆ. ಒಂದು ಅಧ್ಯಾಯದಲ್ಲಿ ಯಾರೋ ಬದಿಯಲ್ಲಿ ಹಾದುಹೋದದ್ದನ್ನು ಎರಡು ದಿನದ ಮೇಲೆ ನೆನಪಿಟ್ಟುಕೊಳ್ಳುವುದು ಕಷ್ಟ. ರಜೆಯ ದಿನ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದೇ ಕೂರಿಕೆಯಲ್ಲಿ ಮತ್ತೊಮ್ಮೆ ನೋಡಿ. ಕೃಷ್ಣಾಷ್ಟಮಿಯ ತಾಸೆ ವಾದ್ಯದ ಬಡಿತ, ಕಡಲಿನ ಮೊರೆತ, ಬಂದರಿನ ಗದ್ದಲ ಎಲ್ಲವೂ ಆ ಚಿತ್ರದಲ್ಲಿ ಮಾತಿನಷ್ಟೇ ಮುಖ್ಯವಾದವು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಅವೆಲ್ಲ ಒಂದೇ ಗುಯ್‌ಗುಡುವ ಸದ್ದಾಗಿ ಕೇಳುತ್ತವೆ. ಕೊನೆಗೆ ನಿಜವಾಗಿ ಏನಾಯಿತೆಂದು ನೀವು ಕೇಳಿದ್ದೀರಿ. ಚಿತ್ರದ ಹೆಸರಿನಲ್ಲೇ ಅದರ ಉತ್ತರವಿದೆ: ಉಳಿದವರು ಕಂಡದ್ದು ಮಾತ್ರ ನಮಗೆ ಸಿಗುತ್ತದೆ. ದಿನವೂ ಮಲ್ಪೆಯ ಬಂದರಿನಲ್ಲಿ ಓಡಾಡುವ ನೀವು ಆ ಚಿತ್ರದ ಬಂದರು ನಿಮ್ಮದೇ ಬಂದರೆಂದು ಅನಿಸಿತೇ ಇಲ್ಲವೇ ಎಂಬುದನ್ನು ಬರೆದು ತಿಳಿಸಬೇಕು. ಅದನ್ನು ಹೇಳುವ ಅಧಿಕಾರ ನನಗಿಂತ ನಿಮಗೆ ಹೆಚ್ಚು.

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ದೈವದ ಚಾಕರಿ ಮಾಡುತ್ತ ಬಂದ ಮನೆತನ. ‘ಕಾಂತಾರ’ ನೋಡುವಾಗ ನನಗೆ ಮೈ ಜುಮ್ಮೆಂದು ಕಣ್ಣೀರು ಬಂತು. ಆದರೆ ಸಿನಿಮಾ ಮುಗಿದು ಹೊರಬಂದಾಗ ಹುಡುಗರು ದೈವದ ಕೂಗನ್ನು ಅಣಕಿಸುತ್ತ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಹೆಮ್ಮೆಪಡಬೇಕೋ ನೊಂದುಕೊಳ್ಳಬೇಕೋ ತಿಳಿಯದಾಯಿತು. (ಬೆಳ್ತಂಗಡಿ)

ಉತ್ತರ: ಎರಡೂ ಭಾವನೆಗಳು ನಿಮ್ಮಲ್ಲಿ ಒಟ್ಟಿಗೆ ಇರುವುದರಲ್ಲಿ ವಿರೋಧವೇನೂ ಇಲ್ಲ. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಬಿಡುಗಡೆಯಾದ ಚಿತ್ರ ಎರಡು ವಾರಗಳಲ್ಲಿ ಹಿಂದಿಗೆ ಹೋಗಿ, ಪಂಜುರ್ಲಿ, ಗುಳಿಗ ಎಂಬ ದೈವಗಳ ಹೆಸರನ್ನೇ ಕೇಳದಿದ್ದ ಜನರನ್ನು ತಲುಪಿತು. ರಿಷಬ್ ಶೆಟ್ಟಿಯವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಚಿತ್ರ ಬಂದ 2022ರ ಅಕ್ಟೋಬರಿನಲ್ಲಿಯೇ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಪ್ರಕಟಿಸಿತು. ಸಿನಿಮಾದಿಂದ ಹುಟ್ಟಿದ ಗಮನ ಕೆಲವರ ಬದುಕಿನವರೆಗೆ ಮುಟ್ಟಿತೆಂಬುದನ್ನು ನಾವು ಮರೆಯಬಾರದು.

ನಿಮ್ಮ ನೋವಿನ ಬೇರು ಎಲ್ಲಿದೆಯೆಂದು ನನಗೆ ತಿಳಿಯುತ್ತದೆ. ಚಿಕ್ಕವನಿದ್ದಾಗ ಅಜ್ಜನ ಮನೆಯ ದೈವದ ಕೋಲದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡುತ್ತ ಕೂತದ್ದು ವೇಷ ಕಟ್ಟುವುದನ್ನು. ಎಣ್ಣೆಬೂಳ್ಯ, ಅಂದರೆ ಎಣ್ಣೆ ಮತ್ತು ವೀಳ್ಯ, ಪಡೆದ ಮೇಲೆ ದೀಪದ ಬೆಳಕಿನಲ್ಲಿ ಕೈಗನ್ನಡಿ ಹಿಡಿದು ಮುಖಕ್ಕೆ ಅರದಾಳದ ಹಳದಿ ಬಣ್ಣ ಬಳಿದುಕೊಳ್ಳುತ್ತಿದ್ದ ಆ ಹಿರಿಯರು, ಪಕ್ಕದಲ್ಲಿ ತೆಂಬರೆ ಎಂಬ ಚರ್ಮವಾದ್ಯ ಬಾರಿಸುತ್ತ ದೈವದ ಕಥೆಯ ಪಾಡ್ದನ ಹೇಳುತ್ತಿದ್ದ ಅವರ ಮನೆಯ ಹೆಂಗಸು, ಮಡಿಲಲ್ಲಿ ಮಲಗಿದ್ದ ಮಗು, ಇವರೆಲ್ಲ ಕೆಲವು ಗಂಟೆಗಳ ಕಾಲ ಹಾಗೆಯೇ ಇದ್ದರು. ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ಅಣಿ ಏರಿಸಿ ಆ ಕೂಗು ಕೇಳುವ ಹೊತ್ತಿಗೆ ಅರ್ಧ ರಾತ್ರಿ ಕಳೆದಿತ್ತು. ನಲಿಕೆ, ಪರವ, ಪಂಬದ ಸಮುದಾಯಗಳ ಜನ ಉಪವಾಸ, ನೇಮ, ನಿಷ್ಠೆಗಳಿಂದ ತಲುಪುವ ಆ ಕೂಗನ್ನು ಸಿನಿಮಾದ ಹೊರಬಾಗಿಲಿನಲ್ಲಿ ಹದಿನೈದು ಸೆಕೆಂಡಿನ ವಿಡಿಯೊಗಾಗಿ ಕೂಗುವುದು ತಪ್ಪು, ಇದರಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ. 2025ರಲ್ಲಿ ಎರಡನೆಯ ಚಿತ್ರ ‘ಕಾಂತಾರ: ಅಧ್ಯಾಯ 1’ ಬಂದಾಗ ದೈವದ ವೇಷ, ಕೂಗುಗಳನ್ನು ಅನುಕರಿಸಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಪ್ರೇಕ್ಷಕರನ್ನು ಕೇಳಿಕೊಂಡಿತು. ಆ ಹುಡುಗರು ನಿಮ್ಮ ಊರಿನವರೇ ಆಗಿದ್ದರೆ ಈ ವರ್ಷದ ಕೋಲಕ್ಕೆ ಸಂಜೆಯೇ ಬರುವಂತೆ ಕರೆಯಿರಿ, ಬಣ್ಣ ಹಚ್ಚುವ ಹೊತ್ತಿಗೆ. ಸಿನಿಮಾ ಅವರಿಗೆ ತೋರಿಸಿದ್ದು ಅರ್ಧ ರಾತ್ರಿಯ ಮೇಲಿನದನ್ನು ಮಾತ್ರ.

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ದಾದಿ. ‘ಕಾಂತಾರ’ವನ್ನು ಹಾಸ್ಟೆಲಿನಲ್ಲಿ ಎರಡನೆಯ ಸಲ ನೋಡುವಾಗ ನಾಯಕ ಶಿವ ನಾಯಕಿ ಲೀಲಾಳ ಸೊಂಟ ಚಿವುಟುವ ದೃಶ್ಯ ತುಂಬ ಕಸಿವಿಸಿ ಮಾಡಿತು. ಹೇಳಿದರೆ ‘ಇಷ್ಟು ಒಳ್ಳೆಯ ಸಿನಿಮಾದಲ್ಲಿ ನಿನಗೆ ಅದೇ ಕಂಡಿತಾ’ ಎಂದು ಕೇಳುತ್ತಾರೆ. (ಮಣಿಪಾಲ)

ಉತ್ತರ: ನಿಮಗೆ ಕಂಡದ್ದು ಸರಿಯಾಗಿಯೇ ಇದೆ. ಒಳ್ಳೆಯ ಸಿನಿಮಾ ಆದ್ದರಿಂದಲೇ ಆ ದೃಶ್ಯ ಹೆಚ್ಚು ಚುಚ್ಚುತ್ತದೆ. ಲೀಲಾ ಆ ಕಥೆಯಲ್ಲಿ ನನಗೆ ಬಹಳ ಮುಖ್ಯಳಾಗಿ ಕಾಣುತ್ತಾಳೆ. ಅರಣ್ಯ ಇಲಾಖೆಯ ಸಮವಸ್ತ್ರ ತೊಟ್ಟು ತನ್ನದೇ ಊರಿನವರ ಎದುರು ಬೇಲಿಯ ಆಚೆ ನಿಲ್ಲಬೇಕಾದ ಸಂಕಟ ಅವಳೊಬ್ಬಳದು. ಕಾಡು ಮತ್ತು ಸರ್ಕಾರದ ನಡುವಿನ ಜಗಳ ಒಂದೇ ಮೈಯಲ್ಲಿ ನಡೆಯುವುದು ಅವಳಲ್ಲಿ ಮಾತ್ರ. ಅಂಥ ಪಾತ್ರವನ್ನು ಬರೆದವರು ಅವಳ ಒಪ್ಪಿಗೆಯ ಪ್ರಶ್ನೆಯನ್ನು ಚಿವುಟಿ ನಗುವಲ್ಲಿಗೆ ಮುಗಿಸಿದ್ದು ನನಗೂ ನೋವಿನ ಸಂಗತಿ. ಶಿವನ ಒರಟುತನವನ್ನು ತೋರಿಸಲು ಹಂದಿಬೇಟೆ, ಕಂಬಳ, ಅಮ್ಮನ ಕೈಯ ಪೆಟ್ಟು ಇವೆಲ್ಲ ಅಲ್ಲಿ ಧಾರಾಳವಾಗಿ ಇವೆ.

ಪ್ರಶ್ನೆ: ಹತ್ತು ವರ್ಷದ ಮಗನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದಾಗ ಪ್ರಮಾಣಪತ್ರದಲ್ಲಿ ‘ಯುಎ 16+’ ಎಂದಿತ್ತು. ನಾವು ತಪ್ಪು ಮಾಡಿದೆವೇ? (ಉಡುಪಿ)

ಉತ್ತರ: ಕಾನೂನಿನ ಪ್ರಕಾರ ತಪ್ಪಲ್ಲ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರ ತಿದ್ದುಪಡಿಯಾದ ಮೇಲೆ ಯುಎ, ಅಂದರೆ ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ, ವರ್ಗದಲ್ಲಿ 7+, 13+, 16+ ಎಂಬ ಮೂರು ಗುರುತುಗಳಿವೆ. ಇವು ತಂದೆತಾಯಿಯರ ತಿಳಿವಳಿಕೆಗಾಗಿ ಕೊಟ್ಟ ಸೂಚನೆಗಳು, ಚಿತ್ರಮಂದಿರದವರು ಅವುಗಳ ಆಧಾರದ ಮೇಲೆ ಮಗುವನ್ನು ತಡೆಯುವಂತಿಲ್ಲ. ‘ಎ’ ಎಂದಿದ್ದರೆ ಮಾತ್ರ 18 ವರ್ಷದ ಒಳಗಿನವರಿಗೆ ಪ್ರವೇಶವಿಲ್ಲ. ಆದರೂ ರಕ್ತಪಾತದ ದೃಶ್ಯ ದೊಡ್ಡ ತೆರೆಯಲ್ಲಿ, ದೊಡ್ಡ ಸದ್ದಿನಲ್ಲಿ ಮಗುವಿನ ಮೇಲೆ ಬೀಳುವ ರೀತಿ ಮನೆಯ ಟಿ.ವಿ.ಯಂತಲ್ಲ. ಮೊದಲು ಒಬ್ಬರು ನೋಡಿ ಬಂದು, ಆಮೇಲೆ ಕರೆದೊಯ್ಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಒಳ್ಳೆಯದು.

ಪ್ರಶ್ನೆ: ಟಿಕೆಟಿಗೆ 200 ರೂಪಾಯಿಯ ಮಿತಿ ಬಂತೆಂದು ಓದಿದ್ದೆ. ಕೌಂಟರಿನಲ್ಲಿ ಅದು ಕಾಣಲಿಲ್ಲವಲ್ಲ? (ಸುರತ್ಕಲ್)

ಉತ್ತರ: ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್ 12ರಂದು ತೆರಿಗೆ ಬಿಟ್ಟು 200 ರೂಪಾಯಿಯ ಮಿತಿಯನ್ನು ಅಧಿಸೂಚನೆಯ ಮೂಲಕ ಹೇರಿತು. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ವಿಶೇಷ ಸೌಲಭ್ಯದ ತೆರೆಗಳಿಗೆ ವಿನಾಯಿತಿಯಿತ್ತು. ಚಿತ್ರಮಂದಿರಗಳ ಮತ್ತು ನಿರ್ಮಾಪಕರ ಕಡೆಯವರು ಹೈಕೋರ್ಟಿಗೆ ಹೋದರು, 23ರಂದು ಅದಕ್ಕೆ ಮಧ್ಯಂತರ ತಡೆ ಸಿಕ್ಕಿತು. ಅದೇ ವಾರ 100 ರೂಪಾಯಿಯ ಒಳಗಿನ ಟಿಕೆಟಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿಯಿತು, ಆದರೆ ಅಷ್ಟು ಅಗ್ಗದ ಟಿಕೆಟು ಕೊಡುತ್ತಿದ್ದ ಒಂಟಿ ತೆರೆಯ ಟಾಕೀಸುಗಳು ನಮ್ಮಲ್ಲಿ ಒಂದೊಂದಾಗಿ ಮುಚ್ಚಿವೆ. ಮಂಗಳೂರಿನ ಬಸ್ಸಿನಲ್ಲಿ ಕಂಡಕ್ಟರು ‘ಜ್ಯೋತಿ, ಜ್ಯೋತಿ’ ಎಂದು ಕೂಗುವಾಗ ಇಳಿಯುವ ಎಷ್ಟೋ ಹುಡುಗರಿಗೆ ಅದು ಒಂದು ಚಿತ್ರಮಂದಿರದ ಹೆಸರೆಂದು ಗೊತ್ತಿಲ್ಲ. ಕೆಳಗಿನ ಬೆಂಚಿನ ಟಿಕೆಟು ಪಡೆದು ಸಿನಿಮಾ ನೋಡಿ ಬೆಳೆದವನಿಗೆ ಇದು ಸಣ್ಣ ದುಃಖವಲ್ಲ.

ಪ್ರಶ್ನೆ: ‘ಕಾಂತಾರ: ಅಧ್ಯಾಯ 1’ ನನಗೆ ಮೊದಲ ಚಿತ್ರದಷ್ಟು ಹಿಡಿಸಲಿಲ್ಲ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಹಾಗೆಂದು ಬರೆದದ್ದಕ್ಕೆ ‘ನೀನು ಊರಿನವನೇ ಅಲ್ಲ’ ಎಂದರು. ಊರಿನ ಸಿನಿಮಾವನ್ನು ಊರಿನವರು ಟೀಕಿಸಬಾರದೇ? (ಕಾಪು)

ಉತ್ತರ: ಊರಿನವರೇ ಟೀಕಿಸಬೇಕು. ಬೈಂದೂರಿನ ಮಾತು ಬೈಂದೂರಿನದಾಗಿ ಕೇಳುತ್ತಿದೆಯೇ, ದೈವದ ವೇಷಕ್ಕೆ ತೆಂಗಿನಗರಿ ಕಟ್ಟಿದ ರೀತಿ ಸರಿಯೇ ಎಂದು ದೂರದ ವಿಮರ್ಶಕ ಹೇಳಲಾರ. ನೀವು ಗುಂಪಿಗೆ ಬರೆದ ಸಾಲುಗಳನ್ನೂ ಪತ್ರದೊಂದಿಗೆ ಕಳುಹಿಸಿದ್ದೀರಿ. ‘ಮೊದಲನೆಯದರಲ್ಲಿ ಮನೆಯಂಗಳ ಇತ್ತು, ಇದರಲ್ಲಿ ಅರಮನೆ ಮಾತ್ರ ಇದೆ’ ಎಂಬ ನಿಮ್ಮ ಮಾತು ಬಹಳ ಸರಿಯಾದ ಜಾಗಕ್ಕೆ ಬೆರಳಿಟ್ಟಿದೆ. 2025ರ ಅಕ್ಟೋಬರ್ 2ರಂದು ಬಂದ ಈ ಚಿತ್ರ ಕದಂಬರ ಕಾಲಕ್ಕೆ ಹೋಗುತ್ತದೆ. ರಥ, ಯುದ್ಧ, ಬೆಂಕಿಗಳ ದೃಶ್ಯಗಳನ್ನು ಕಟ್ಟುವುದರಲ್ಲಿ ಅದರ ತಂತ್ರಜ್ಞರು ಪಟ್ಟ ಶ್ರಮ ಕಣ್ಣಿಗೆ ಕಾಣುತ್ತದೆ, ಅದಕ್ಕೆ ನನ್ನ ಗೌರವವಿದೆ. ಆದರೆ ಮೊದಲ ಚಿತ್ರದಲ್ಲಿ ಮೀನು ಬಡಿಸುತ್ತ ಮಗನನ್ನು ಬೈಯುವ ತಾಯಿ ಇದ್ದಳು, ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತ ಗೆಳೆಯರಿದ್ದರು. ದೈವ ಬರುವುದು ಅಂಥವರ ನಡುವೆ ಎಂಬುದರಿಂದಲೇ ಕೊನೆಯ ಇಪ್ಪತ್ತು ನಿಮಿಷ ನಮ್ಮನ್ನು ಅಲ್ಲಾಡಿಸಿತು. ಎರಡನೆಯದರಲ್ಲಿ ಬೆರಗು ಹೆಚ್ಚು, ಆಪ್ತತೆ ಕಡಿಮೆ ಎಂಬುದು ನನ್ನ ಅನುಭವವೂ ಹೌದು. ಹಿನ್ನೆಲೆ ಸಂಗೀತದ ಅಬ್ಬರದಲ್ಲಿ ಮಾತು ಕೇಳಲಿಲ್ಲವೆಂದು ನೀವು ಬರೆದಿದ್ದೀರಿ. ನಾನು ನೋಡಿದ ಕಡೆ ಅಷ್ಟು ತೊಂದರೆಯಾಗಲಿಲ್ಲ, ಆದ್ದರಿಂದ ಅದು ನೀವು ನೋಡಿದ ಚಿತ್ರಮಂದಿರದ ಧ್ವನಿವ್ಯವಸ್ಥೆಯ ಕೊರತೆಯೂ ಆಗಿರಬಹುದು. ಗೆಳೆಯರಿಗೆ ಮತ್ತೆ ಬರೆಯುವಾಗ ಆ ಅಂಗಳದ ಮಾತನ್ನೇ ಮೊದಲಿಗೆ ಬರೆಯಿರಿ. ‘ಹಿಡಿಸಲಿಲ್ಲ’ ಎಂದಾಗ ಜಗಳಕ್ಕೆ ಬರುವವರು ‘ಅಂಗಳ ಇಲ್ಲ’ ಎಂದಾಗ ಸಿನಿಮಾವನ್ನು ನೆನಪು ಮಾಡಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಹೊಸ ಸಿನಿಮಾಗಳ ಮಾತೇ ಆಯಿತು. ನಮ್ಮ ಕಡಲತೀರದ ಒಂದು ಹಳೆಯ ಚಿತ್ರವನ್ನು, ಮನೆಯ ಹೆಂಗಸರೆಲ್ಲ ಕೂತು ನೋಡುವಂಥದ್ದನ್ನು ಸೂಚಿಸುತ್ತೀರಾ? (ಕುಂದಾಪುರ)

ಉತ್ತರ: ನಿಮ್ಮ ಊರಿನದೇ ಚಿತ್ರವನ್ನು ಹೇಳುತ್ತೇನೆ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ 2008ರಲ್ಲಿ ಬಂತು, ಅದರ ಅಭಿನಯಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ದೊರಕಿತು. ಕುಂದಾಪುರದವರೇ ಆದ ವೈದೇಹಿಯವರ ಕಥೆಯಲ್ಲಿ ಒಂದು ಸಣ್ಣ ಊರಿಗೆ ಟಾಕೀಸು ಬರುತ್ತದೆ, ಹೆಂಗಸರ ಬದುಕಿನಲ್ಲಿ ಅದು ಎಬ್ಬಿಸುವ ಅಲೆಗಳು ಅಲ್ಲಿಯ ವಸ್ತು. ಕಾಸರವಳ್ಳಿಯವರು ಟಾಕೀಸನ್ನು ತೆಗೆದು ಅದರ ಜಾಗದಲ್ಲಿ ಡಿಶ್ ಆಂಟೆನಾದ ಬಣ್ಣದ ಟಿ.ವಿ.ಯನ್ನು ಇಟ್ಟರು, ಕಾಲವನ್ನು ಕಾರ್ಗಿಲ್ ಯುದ್ಧದ ದಿನಗಳಿಗೆ ತಂದರು. ಸಿನಿಮಾದ ಹುಚ್ಚಿರುವ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ್ದಕ್ಕೆ ಆ ಟಿ.ವಿ. ಉಡುಗೊರೆಯಾಗಿ ಬರುತ್ತದೆ, ಆಮೇಲೆ ಸುತ್ತಲಿನ ಹೆಂಗಸರೆಲ್ಲ ಅವಳ ಮನೆಯಲ್ಲಿ ಸೇರತೊಡಗುತ್ತಾರೆ.

ಮುಸಲ್ಮಾನಳಾದ ಗುಲಾಬಿಯ ಮನೆಗೆ ಮೊದಲು ಬರಲು ಹಿಂಜರಿದವರು ಬಾಗಿಲ ಹೊರಗೆ ನಿಂತು ನೋಡುತ್ತಾರೆ. ಆಮೇಲೆ ಒಳಗೆ ಬಂದು ಕೂರುತ್ತಾರೆ. ಇನ್ನೊಂದು ಕಡೆ ಗಂಡಸರ ಲೋಕದಲ್ಲಿ ದೊಡ್ಡ ಬೋಟು ಮತ್ತು ಸಣ್ಣ ದೋಣಿಗಳ ಜಗಳ ಧರ್ಮದ ಜಗಳವಾಗಿ ತಿರುಗುತ್ತದೆ, ಅದು ನಿಧಾನಕ್ಕೆ ಆ ಕೋಣೆಯವರೆಗೂ ಬರುತ್ತದೆ. ನನಗೆ ಆ ಚಿತ್ರ ಯಾಕೆ ಅಷ್ಟು ಪ್ರಿಯವೆಂದರೆ, ಅಲ್ಲಿ ಮಾತಿನಷ್ಟೇ ಬೆಲೆ ನೋಡುವುದಕ್ಕೂ ಇದೆ. ಟಿ.ವಿ.ಯ ಬೆಳಕು ಬಿದ್ದ ಹೆಂಗಸರ ಮುಖಗಳನ್ನು ಕ್ಯಾಮೆರಾ ನೋಡುತ್ತ ಕೂರುತ್ತದೆ. ಒಬ್ಬಳಿಗೆ ನಗು, ಇನ್ನೊಬ್ಬಳಿಗೆ ಕಣ್ಣೀರು, ಮತ್ತೊಬ್ಬಳಿಗೆ ಮನೆಯಲ್ಲಿ ಬಿಟ್ಟುಬಂದ ಕೆಲಸದ ನೆನಪು. ಮನೆಯ ಹೆಂಗಸರೆಲ್ಲ ಒಟ್ಟಿಗೆ ಕೂತು ನೋಡುವಾಗ ನಿಮ್ಮಲ್ಲಿ ಒಬ್ಬರಾದರೂ ಒಮ್ಮೆ ತೆರೆಯಿಂದ ಕಣ್ಣು ತೆಗೆದು ಪಕ್ಕದವರ ಮುಖ ನೋಡಿ. ಕೊನೆಯ ದೃಶ್ಯದಲ್ಲಿ ಆ ಟಿ.ವಿ.ಯ ಮುಂದೆ ಯಾರು ಬಂದು ಕೂರುತ್ತಾರೆಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ನೋಡಿದ ಮೇಲೆ ಅದರ ಬಗ್ಗೆ ನೀವೇ ಬರೆಯಿರಿ, ಕುಂದಾಪುರದ ಕನ್ನಡದಲ್ಲಿಯೇ ಬರೆದರೂ ಹಾಗೆಯೇ ಪ್ರಕಟಿಸುತ್ತೇನೆ.